ಬೇಸ್ ಗಿಟಾರ್: ಮಂದ್ರ ದನಿಯ ಹಿಂದಿನ ಮಂಡಲ

ಹಾಡು ಕೇಳುವವರ ಕಿವಿ ಮೊದಲು ಹಿಡಿಯುವುದು ಗಾಯಕರ ದನಿಯನ್ನು. ಆಮೇಲೆ ಕೊಳಲು, ಪಿಟೀಲುಗಳನ್ನು. ಇವೆಲ್ಲದರ ಕೆಳಗೆ ನೆಲದಂತೆ ಹಾಸಿಕೊಂಡು ನಡೆಯುವ ದಪ್ಪ ದನಿಯೊಂದಿರುತ್ತದೆ. ಅದು ಇತ್ತೆಂಬುದು ಅನೇಕರಿಗೆ ಗೊತ್ತಾಗುವುದು ಅದು ನಿಂತಾಗಲೇ. 1981ರ ‘ಗೀತಾ’, 1983ರ ‘ಪಲ್ಲವಿ ಅನುಪಲ್ಲವಿ’ ಚಿತ್ರಗಳಿಗೆ ಸಂಗೀತ ನೀಡಿದ ಇಳಯರಾಜಾ ಅವರ ಹಾಡುಗಳನ್ನು ಗಮನವಿಟ್ಟು ಕೇಳಿದವರಿಗೆ ಈ ದನಿಯ ಪರಿಚಯ ಇದ್ದೇ ಇದೆ. ಅದು ಬೇಸ್ ಗಿಟಾರಿನದು.

ನಾಲ್ಕು ದಪ್ಪ ತಂತಿಗಳ ಈ ವಾದ್ಯದ ಒಡಲು ವೀಣೆಯ ಕೊಡದಂತೆ ಟೊಳ್ಳಲ್ಲ. ಸಾಮಾನ್ಯವಾಗಿ ಅದೊಂದು ಗಟ್ಟಿ ಮರದ ಹಲಗೆ. ಧ್ವನಿವರ್ಧಕಕ್ಕೆ ಜೋಡಿಸದೆ ಮೀಟಿದರೆ ಪಕ್ಕದಲ್ಲಿ ಕುಳಿತವರಿಗೂ ಸರಿಯಾಗಿ ಕೇಳಿಸದು. ಹಲಗೆಯ ಒಂದು ಕಡೆ ಅಂಗೈಯಗಲದ ಗುಳಿಯೊಂದನ್ನು ಕೊರೆದು ಅದರಲ್ಲಿ ಎರಡು ಮೂರು ತಿರುಗುಗುಂಡಿ, ಒಂದು ಕೆಪಾಸಿಟರ್, ಒಂದಿಷ್ಟು ತಂತಿ ಇಟ್ಟು ಮೇಲೆ ತಗಡು ಮುಚ್ಚಿರುತ್ತಾರೆ. ಬೆರಳು ಮತ್ತು ತಂತಿ ಹುಟ್ಟಿಸಿದ ಸ್ವರ ಸಭೆಯನ್ನು ಮುಟ್ಟುವಾಗ ಯಾವ ಬಣ್ಣ ತಳೆದಿರಬೇಕು ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಈ ಗುಳಿಯೊಳಗಿನ ವಿದ್ಯುನ್ಮಂಡಲ.

ಮರ ಹತ್ತಾರು ವರ್ಷ ಬಾಳುತ್ತದೆ. ಮಂಡಲಕ್ಕೆ ಅಷ್ಟು ಆಯುಸ್ಸಿಲ್ಲ. ಗುಂಡಿ ತಿರುಗಿಸಿದಾಗ ಕರಕರ ಸದ್ದು, ಜ್ಯಾಕ್ ಸಡಿಲವಾಗಿ ದನಿ ಬಂದು ಹೋಗುವುದು, ಬಿಡದೆ ಕೇಳಿಸುವ ಗುಂಯ್ ಶಬ್ದ ಇವೆಲ್ಲ ವಯಸ್ಸಾದ ವಾದ್ಯದ ಕಾಯಿಲೆಗಳು. ಆಗ ವಾದಕನ ಮುಂದೆ ಪ್ರಶ್ನೆ ಏಳುತ್ತದೆ: ಹಳೆಯದರ ಜಾಗದಲ್ಲಿ ಏನನ್ನು ಹಾಕಿಸಬೇಕು? ಕೆಲವೇ ರೂಪಾಯಿಯ ಕೆಪಾಸಿಟರ್‌ನಿಂದ ಹಿಡಿದು ಹೊಸ ಗಿಟಾರಿನ ಬೆಲೆಗೇ ಸಮನಾದ ಪ್ರಿಆಂಪ್‌ವರೆಗೆ ಮಾರುಕಟ್ಟೆಯಲ್ಲಿ ಎಲ್ಲವೂ ಸಿಗುತ್ತದೆ. ಇರುವುದೊಂದೇ ವಾದ್ಯ ಎಂಬ ವಾದಕನಿಗೆ ಈ ಆಯ್ಕೆ ಸಣ್ಣದಲ್ಲ. ತಪ್ಪಿದರೆ ದುಡ್ಡಿನ ಜತೆಗೆ ವಾದ್ಯದ ದನಿಯೂ ಹೋಗುತ್ತದೆ.

ರೇಡಿಯೊ ರಿಪೇರಿಯವನ ಕೊಡುಗೆ

ಯಾವುದನ್ನು ಬದಲಿಸಬೇಕು ಎಂದು ತಿಳಿಯಲು ಅದು ಅಲ್ಲಿಗೆ ಏಕೆ ಬಂತು ಎಂಬುದನ್ನು ತಿಳಿಯುವುದು ಒಳ್ಳೆಯದು. ವಿದ್ಯುತ್ ಬೇಸ್ ಬರುವ ಮುನ್ನ ಪಾಶ್ಚಾತ್ಯ ವಾದ್ಯವೃಂದಗಳಲ್ಲಿ ಮಂದ್ರ ಸ್ವರದ ಹೊಣೆ ಆಳೆತ್ತರದ ಡಬಲ್ ಬೇಸ್‌ನದಾಗಿತ್ತು. ನಿಲ್ಲಿಸಿಕೊಂಡು ನುಡಿಸುವ ಈ ದೈತ್ಯ ಪಿಟೀಲನ್ನು ಊರಿಂದೂರಿಗೆ ಸಾಗಿಸುವುದೇ ಒಂದು ಪಾಡು. ಅಷ್ಟು ಮಾಡಿಯೂ ಕಹಳೆ, ಡ್ರಮ್‌ಗಳ ಅಬ್ಬರದ ನಡುವೆ ಅದರ ದನಿ ಹೂತುಹೋಗುತ್ತಿತ್ತು. ಅಮೆರಿಕದ ಸಿಯಾಟಲ್‌ನಲ್ಲಿ ಪಾಲ್ ಟಟ್‌ಮಾರ್ಕ್ ಎಂಬವರು 1930ರ ದಶಕದಲ್ಲೇ ಅಡ್ಡ ಹಿಡಿದು ನುಡಿಸುವ ವಿದ್ಯುತ್ ಬೇಸ್ ಒಂದನ್ನು ತಯಾರಿಸಿದ್ದರು. ಆದರೆ ಅದು ಬಳಕೆಗೆ ಹಬ್ಬಲಿಲ್ಲ.

ಹಬ್ಬಿಸಿದ್ದು ಲಿಯೊ ಫೆಂಡರ್. ಕ್ಯಾಲಿಫೋರ್ನಿಯಾದ ಫುಲ್ಲರ್‌ಟನ್ ಊರಿನಲ್ಲಿ ರೇಡಿಯೊ ರಿಪೇರಿ ಅಂಗಡಿ ನಡೆಸುತ್ತಿದ್ದ ಈತನಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ ಎಂಬುದು ಸಂಗೀತಲೋಕದ ಸೋಜಿಗಗಳಲ್ಲೊಂದು. 1951ರಲ್ಲಿ ಆತ ಹೊರತಂದ ‘ಪ್ರಿಸಿಷನ್ ಬೇಸ್’ ಎಂಬ ಹೆಸರಿಗೆ ಕಾರಣ, ಅದರ ದಂಡಿಯ ಮೇಲೆ ವೀಣೆಯಲ್ಲಿರುವಂತೆ ಮೆಟ್ಟಿಲುಗಳಿದ್ದುದು. ಮೆಟ್ಟಿಲಿಲ್ಲದ ಡಬಲ್ ಬೇಸ್‌ನಲ್ಲಿ ಬೆರಳು ಕೂದಲೆಳೆಯಷ್ಟು ಜಾರಿದರೂ ಸ್ವರ ತಪ್ಪುತ್ತದೆ. ಇಲ್ಲಿ ಸ್ವರ ನಿಖರ. ಒಳಗಿನ ಮಂಡಲವಂತೂ ಸರಳಾತಿಸರಳ: ಒಂದು ಪಿಕಪ್, ದನಿಯ ಮಟ್ಟಕ್ಕೊಂದು ಗುಂಡಿ, ದನಿಯ ಬಣ್ಣಕ್ಕೊಂದು ಗುಂಡಿ. 1957ರಲ್ಲಿ ಪಿಕಪ್ಪನ್ನು ಎರಡು ತುಂಡಾಗಿ ಒಡೆದು, ಒಂದೊಂದು ತುಂಡು ಎರಡೆರಡು ತಂತಿಗಳನ್ನು ಆಲಿಸುವಂತೆ ಮಾಡಲಾಯಿತು. 1960ರಲ್ಲಿ ಬಂದ ‘ಜಾಝ್ ಬೇಸ್’ ಎರಡು ಪಿಕಪ್‌ಗಳನ್ನು ಹೊತ್ತು ತಂದಿತು. ಇಂದು ಜಗತ್ತಿನಲ್ಲಿ ತಯಾರಾಗುವ ಬೇಸ್ ಗಿಟಾರ್‌ಗಳಲ್ಲಿ ಬಹುಪಾಲು ಈ ಎರಡರ ಮಕ್ಕಳು, ಮೊಮ್ಮಕ್ಕಳು. ಹೀಗಾಗಿ ಬದಲಿ ಬಿಡಿಭಾಗಗಳ ಲೆಕ್ಕಾಚಾರವೂ ಇವೆರಡರಿಂದಲೇ ಶುರುವಾಗುತ್ತದೆ.

ಕೆರೆ ಮತ್ತು ತೂಬು

ಪಿಕಪ್ ಎಂದರೆ ಅಯಸ್ಕಾಂತದ ಸುತ್ತ ಸುತ್ತಿದ ತಾಮ್ರದ ಸುರುಳಿ. ಸುಮಾರು 0.06 ಮಿಲಿಮೀಟರ್ ದಪ್ಪದ, ತಲೆಗೂದಲಿನಷ್ಟು ಸಣ್ಣ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಮೇಲೆ ಉಕ್ಕಿನ ತಂತಿ ಕಂಪಿಸಿದಾಗ ಕಾಂತಕ್ಷೇತ್ರ ಅಲುಗಾಡಿ ಸುರುಳಿಯಲ್ಲಿ ಕ್ಷೀಣ ವಿದ್ಯುತ್ತು ಹುಟ್ಟುತ್ತದೆ. ಬೇಸ್‌ನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಬಾರಿ, ಅತಿ ಸಣ್ಣದು 98 ಬಾರಿ ಕಂಪಿಸುತ್ತದೆ. ಆದರೆ ಯಾವ ತಂತಿಯೂ ಒಂದೇ ಕಂಪನದಲ್ಲಿ ಮಾತಾಡುವುದಿಲ್ಲ. ಮೂಲ ಸ್ವರದ ಜತೆ ಅದರ ಎರಡು, ಮೂರು, ನಾಲ್ಕು ಪಟ್ಟಿನ ಅನುಸ್ವರಗಳೂ ಸಾಲಾಗಿ ಹೊರಡುತ್ತವೆ. ತಂಬೂರಿಯ ಜೀವಾಳದ ನೂಲನ್ನು ಕೂದಲೆಳೆಯಷ್ಟು ಸರಿಸಿದಾಗ ಶ್ರುತಿ ಬದಲಾಗದೆ ದನಿ ಮಾತ್ರ ಅರಳುವುದು ಈ ಅನುಸ್ವರಗಳ ಮಹಿಮೆಯಿಂದಲೇ. ಬೇಸ್ ಗಿಟಾರಿನ ‘ಟೋನ್’ ಎಂಬುದೂ ಬಹುಮಟ್ಟಿಗೆ ಇದೇ: ಯಾವ ಅನುಸ್ವರ ಎಷ್ಟು ಉಳಿಯಿತು, ಎಷ್ಟು ಅಳಿಯಿತು ಎಂಬ ಲೆಕ್ಕ.

ಬ್ಯಾಟರಿಯಿಲ್ಲದ ಮಂಡಲಕ್ಕೆ ‘ಪ್ಯಾಸಿವ್’ ಎನ್ನುತ್ತಾರೆ. ಇದರ ಸ್ವಭಾವವನ್ನು ಒಂದೇ ಮಾತಿನಲ್ಲಿ ಹೇಳಬಹುದು: ಅದು ಕಳೆಯಬಲ್ಲದು, ಕೂಡಿಸಲಾರದು. ಪಿಕಪ್ಪನ್ನು ನೀರು ತುಂಬಿದ ಕೆರೆ ಎಂದುಕೊಂಡರೆ ಟೋನ್ ಗುಂಡಿ ಅದರ ತೂಬು. ಕೆಪಾಸಿಟರ್‌ಗೆ ಒಂದು ಗುಣವಿದೆ. ಬೇಗ ಬೇಗ ದಿಕ್ಕು ಬದಲಿಸುವ ವಿದ್ಯುತ್ತನ್ನು, ಅಂದರೆ ತಾರ ಸ್ಥಾಯಿಯ ಅನುಸ್ವರಗಳನ್ನು, ಅದು ಸುಲಭವಾಗಿ ಹಾಯಗೊಡುತ್ತದೆ, ನಿಧಾನದವನ್ನು ತಡೆಯುತ್ತದೆ. ಗುಂಡಿಯನ್ನು ಕೆಳಗೆ ತಿರುಗಿಸಿದಂತೆ ತೂಬು ತೆರೆದು ಅನುಸ್ವರಗಳು ನೆಲದ ತಂತಿಗೆ ಹರಿದುಹೋಗುತ್ತವೆ. ಉಳಿಯುವುದು ದುಂಡನೆಯ, ಮೃದುವಾದ ದನಿ. ಕೆರೆಯಲ್ಲಿಲ್ಲದ ನೀರನ್ನು ತೂಬು ಕೊಡಲಾರದು. ಪಿಕಪ್ ಹಿಡಿಯದ ಅನುಸ್ವರವನ್ನು ಎಷ್ಟೇ ದುಬಾರಿ ಕೆಪಾಸಿಟರ್ ಹಾಕಿದರೂ ತರಲಾಗದು.

ಎರಡನೆಯ ಸಂಗತಿಯೂ ಇಷ್ಟೇ ಮುಖ್ಯ. ಮಂಡಲದಲ್ಲಿ ಒಂದೊಂದು ಭಾಗವೂ ಉಳಿದವುಗಳ ಮೇಲೆ ಭಾರ ಹೇರುತ್ತದೆ. ಗುಂಡಿಯ ರೋಧ, ಕೆಪಾಸಿಟರಿನ ಧಾರಣೆ, ಕೊನೆಗೆ ಗಿಟಾರಿನಿಂದ ಧ್ವನಿವರ್ಧಕಕ್ಕೆ ಹೋಗುವ ಕೇಬಲ್ ಕೂಡ ಪಿಕಪ್ಪಿನ ದನಿಯನ್ನು ತಿದ್ದುತ್ತವೆ. ಸಾಮಾನ್ಯ ಕೇಬಲ್ಲಿಗೆ ಮೀಟರಿಗೆ ಸುಮಾರು 100 ಪಿಕೊಫ್ಯಾರಡ್ ಧಾರಣೆ ಇರುತ್ತದೆ. ಆರು ಮೀಟರ್ ಕೇಬಲ್ ಎಂದರೆ ತನಗೆ ತಾನೇ ಒಂದು ಸಣ್ಣ ಕೆಪಾಸಿಟರ್. ಹೀಗಾಗಿ ‘ಯಾವ ಬಿಡಿಭಾಗ ಒಳ್ಳೆಯದು’ ಎಂಬ ಪ್ರಶ್ನೆಗೆ ಒಂಟಿಯಾಗಿ ಉತ್ತರವಿಲ್ಲ. ‘ಯಾವುದರ ಜತೆಗೆ, ಯಾವ ದನಿಗಾಗಿ’ ಎಂದು ಸೇರಿಸಿಯೇ ಕೇಳಬೇಕು.

ಕೊಳ್ಳುವ ಮೊದಲು

ದನಿ ಮಂಕಾಗಿದೆ ಎಂದ ಮಾತ್ರಕ್ಕೆ ತಪ್ಪು ಮಂಡಲದ್ದೇ ಎಂದು ತಿಳಿಯಬೇಕಿಲ್ಲ. ಹಳೆಯ ತಂತಿಗಳು ಬೆವರು, ಕೊಳೆ ತುಂಬಿಕೊಂಡು ಅನುಸ್ವರಗಳನ್ನು ನುಂಗುತ್ತವೆ. 1966ರಲ್ಲಿ ಇಂಗ್ಲೆಂಡಿನ ರೋಟೊಸೌಂಡ್ ಸಂಸ್ಥೆಯವರು ‘ದ ಹೂ’ ತಂಡದ ಜಾನ್ ಎಂಟ್‌ವಿಸಲ್ ಜತೆಗೂಡಿ ಬೇಸ್‌ಗೆ ಹೊಸ ಬಗೆಯ ತಂತಿಗಳನ್ನು ರೂಪಿಸಿದರು. ಗುಂಡು ತಂತಿಯನ್ನು ಸುತ್ತಿ ಮಾಡಿದ ಅವುಗಳಿಂದ ಹೊರಟ ಪಿಯಾನೊದಂಥ ಹೊಳಪಿನ ದನಿ ರಾಕ್ ಸಂಗೀತದ ಬೇಸ್‌ನ ರೂಪವನ್ನೇ ಬದಲಿಸಿತು. ಗುಳಿಯೊಳಗಿನ ಒಂದು ತಂತಿಯನ್ನೂ ಮುಟ್ಟದೆ ಆದ ಬದಲಾವಣೆ ಅದು.

ಪಿಕಪ್ಪಿನ ಎತ್ತರವನ್ನು ಹೊಂದಿಸುವ ತಿರುಪುಗಳಿಗೂ ದುಡ್ಡು ಕೊಡಬೇಕಿಲ್ಲ. ತಂತಿಗೆ ಹತ್ತಿರ ತಂದರೆ ದನಿ ಜೋರಾಗುತ್ತದೆ; ತೀರ ಹತ್ತಿರವಾದರೆ ಅಯಸ್ಕಾಂತದ ಸೆಳೆತಕ್ಕೆ ತಂತಿಯ ಕಂಪನವೇ ಕೆಡುತ್ತದೆ. ಅರ್ಧ ಸುತ್ತು ತಿರುಗಿಸಿ ಕೇಳುವುದು, ಮತ್ತೆ ಅರ್ಧ ಸುತ್ತು ತಿರುಗಿಸಿ ಕೇಳುವುದು ಇಲ್ಲಿನ ಕ್ರಮ. ಕರಕರ ಎನ್ನುವ ಗುಂಡಿಗೆ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಹತ್ತಾರು ಸಲ ಪೂರ್ತಿ ತಿರುಗಿಸಿದರೆ ಎಷ್ಟೋ ವೇಳೆ ಅಷ್ಟಕ್ಕೇ ಗುಣವಾಗುತ್ತದೆ. ದನಿ ಬಂದು ಹೋಗುತ್ತಿದ್ದರೆ ಮೊದಲು ಸಂಶಯಿಸಬೇಕಾದ್ದು ಕೇಬಲ್ಲನ್ನು, ಆಮೇಲೆ ಜ್ಯಾಕನ್ನು.

ಇಷ್ಟಾದ ಮೇಲೆ ಮಲ್ಟಿಮೀಟರ್ ಹಿಡಿಯಬಹುದು. ಪ್ರಿಸಿಷನ್ ಮಾದರಿಯ ಪಿಕಪ್ ಸಾಮಾನ್ಯವಾಗಿ 10ರಿಂದ 11 ಕಿಲೋ ಓಮ್, ಜಾಝ್ ಮಾದರಿಯದು 7ರಿಂದ 8 ಕಿಲೋ ಓಮ್ ಆಸುಪಾಸು ತೋರಿಸುತ್ತದೆ. ಮೀಟರ್ ಏನನ್ನೂ ತೋರಿಸದಿದ್ದರೆ ಒಳಗೆ ತಂತಿ ತುಂಡಾಗಿದೆ ಎಂದರ್ಥ. ಆದರೆ ಓಮ್ ಹೆಚ್ಚಿದ್ದಷ್ಟೂ ಪಿಕಪ್ ಉತ್ತಮ ಎಂದು ಭಾವಿಸುವುದು ತಪ್ಪು. ಸುತ್ತು ಹೆಚ್ಚಿದಂತೆ ದನಿ ಜೋರಾಗುತ್ತದೆ, ದಪ್ಪವಾಗುತ್ತದೆ. ಜತೆಗೇ ಹೊಳಪು ಕಡಿಮೆಯಾಗುತ್ತದೆ.

ಗುಂಡಿ ಮತ್ತು ಕೆಪಾಸಿಟರ್

ತಿರುಗುಗುಂಡಿಯ ಕೆಳಗಿರುವ ಭಾಗದ ಪೂರ್ಣ ಹೆಸರು ಪೊಟೆನ್ಶಿಯೋಮೀಟರ್. ಅಂಗಡಿಗಳಲ್ಲಿ ‘ಪಾಟ್’ ಎಂದರೆ ಸಾಕು. ಪ್ರಿಸಿಷನ್, ಜಾಝ್ ಎರಡರಲ್ಲೂ ರೂಢಿಯಲ್ಲಿರುವುದು 250 ಕಿಲೋ ಓಮ್‌ನ ಪಾಟ್. ಪ್ರಿಸಿಷನ್‌ನಲ್ಲಿ ಇಂಥವು ಎರಡು. ಎರಡನ್ನೂ ಪೂರ್ತಿ ತೆರೆದಾಗ ತಾರ ಸ್ಥಾಯಿಯ ಅನುಸ್ವರಗಳ ಪಾಲಿಗೆ ಪಿಕಪ್ ಮೇಲೆ ಬೀಳುವ ಭಾರ 125 ಕಿಲೋ ಓಮ್. ಜಾಝ್‌ನಲ್ಲಿ ಇಂಥವು ಮೂರು. ಭಾರ ಸುಮಾರು 83 ಕಿಲೋ ಓಮ್. ಓಮ್ ಕಡಿಮೆಯಾದಷ್ಟೂ ಭಾರ ಹೆಚ್ಚು, ಹೊಳಪು ಕಡಿಮೆ. 250ರ ಜಾಗದಲ್ಲಿ 500 ಕಿಲೋ ಓಮ್‌ನವನ್ನು ಹಾಕಿದರೆ ದನಿ ತುಸು ಬಿಚ್ಚಿಕೊಳ್ಳುತ್ತದೆ. ಹೊಸ ಪಿಕಪ್ಪಿಗೆ ದುಡ್ಡು ಸುರಿಯುವ ಮೊದಲು ಮಾಡಿನೋಡಬಹುದಾದ ಅಗ್ಗದ ಪ್ರಯೋಗ ಇದು.

ಪಾಟ್ ಕೊಳ್ಳುವಾಗ ಅದರ ಬೆನ್ನಿನ ಅಕ್ಷರ ನೋಡಬೇಕು. ಈಗ ಬಳಕೆಯಲ್ಲಿರುವ ಪದ್ಧತಿಯಲ್ಲಿ ಸಾಮಾನ್ಯವಾಗಿ ‘ಎ’ ಎಂದಿದ್ದರೆ ಕಿವಿಯ ಸ್ವಭಾವಕ್ಕೆ ಹೊಂದುವಂತೆ ಏರುವ ಲಾಗರಿದಮ್ ಬಗೆ, ‘ಬಿ’ ಎಂದಿದ್ದರೆ ಒಂದೇ ಸಮನೆ ಏರುವ ಬಗೆ. ದನಿಯ ಏರಿಕೆಯನ್ನು ಕಿವಿ ಪಟ್ಟಿನ ಲೆಕ್ಕದಲ್ಲಿ ಅಳೆಯುತ್ತದಾದ್ದರಿಂದ ‘ಬಿ’ ಪಾಟ್ ಹಾಕಿದಾಗ ಎಲ್ಲ ಏರಿಳಿತ ಗುಂಡಿಯ ಒಂದು ತುದಿಯಲ್ಲೇ ನಡೆದುಬಿಟ್ಟಂತೆ ತೋರುತ್ತದೆ. ನಮೂದಿಸಿದ ಬೆಲೆಗೂ ನಿಜ ಬೆಲೆಗೂ ಶೇಕಡಾ 10ರಿಂದ 20ರಷ್ಟು ವ್ಯತ್ಯಾಸ ಇರುವುದು ಮಾಮೂಲು. ಮೀಟರಿನಿಂದ ಅಳೆದೇ ಆರಿಸುವುದು ಜಾಣತನ. ಅಳತೆಯ ಇನ್ನೊಂದು ತೊಡಕೂ ಇದೆ. ಅಮೆರಿಕನ್ ಪಾಟ್‌ಗಳ ಕಡ್ಡಿ 6.35 ಮಿಲಿಮೀಟರ್ ದಪ್ಪ. ಏಷ್ಯಾದ ಕಾರ್ಖಾನೆಗಳದು ಹೆಚ್ಚಾಗಿ 6 ಮಿಲಿಮೀಟರ್. ಕೂರಿಸುವ ರಂಧ್ರದ ಅಗಲವೂ ಬೇರೆ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಎಲೆಕ್ಟ್ರಾನಿಕ್ಸ್ ಪೇಟೆಯಲ್ಲಿ ಹುಡುಕುವವರು ಹಳೆಯ ಪಾಟನ್ನೂ ಅದರ ಗುಂಡಿಯನ್ನೂ ಜೇಬಿನಲ್ಲಿಟ್ಟುಕೊಂಡು ಹೋದರೆ ಎರಡನೆಯ ಸಲ ಅಲೆಯುವುದು ತಪ್ಪುತ್ತದೆ.

ಟೋನ್ ಕೆಪಾಸಿಟರ್ ವಿಷಯದಲ್ಲಿ ಇರುವಷ್ಟು ನಂಬಿಕೆಗಳು ಬೇರಾವ ಭಾಗದ ಬಗೆಗೂ ಇರಲಾರವು. ಎಣ್ಣೆಯಲ್ಲಿ ಅದ್ದಿದ ಕಾಗದದ ಹಳೆಯ ಕೆಪಾಸಿಟರ್‌ಗಳಿಗೆ ದೊಡ್ಡ ಬೆಲೆ ಕೊಡುವವರಿದ್ದಾರೆ. ಆದರೆ ಇಲ್ಲಿ ಹರಿಯುವುದು ವೋಲ್ಟಿನ ಒಂದಂಶದಷ್ಟು ಕ್ಷೀಣ ವಿದ್ಯುತ್ತು. ಕೆಪಾಸಿಟರ್ ಕಾಗದದ್ದೋ ಪಾಲಿಯೆಸ್ಟರ್‌ನದ್ದೋ ಎಂಬುದಕ್ಕಿಂತ ಅದರ ಧಾರಣೆ ಎಷ್ಟು ಎಂಬುದೇ ಕಿವಿಗೆ ತಿಳಿಯುವಂಥದ್ದು. ಈಗ ರೂಢಿಯಲ್ಲಿರುವುದು 0.047 ಮೈಕ್ರೊಫ್ಯಾರಡ್. ಹಳೆಯ ಪ್ರಿಸಿಷನ್‌ಗಳಲ್ಲಿ 0.1 ಮೈಕ್ರೊಫ್ಯಾರಡ್‌ನದೂ ಕಾಣಸಿಗುತ್ತದೆ. ಸುರುಳಿಯ ಪ್ರೇರಕತ್ವ 6 ಹೆನ್ರಿ ಎಂದು ಹಿಡಿದರೆ, ಟೋನ್ ಗುಂಡಿಯನ್ನು ಪೂರ್ತಿ ಇಳಿಸಿದಾಗ ಮೊದಲನೆಯದು ಸುಮಾರು 300 ಹರ್ಟ್ಸ್‌ನಿಂದ ಮೇಲಿನದನ್ನು, ಎರಡನೆಯದು ಸುಮಾರು 200 ಹರ್ಟ್ಸ್‌ನಿಂದ ಮೇಲಿನದನ್ನು ಮೊಟಕುಗೊಳಿಸುತ್ತದೆ. ಗುಂಡಿಯನ್ನು ಸದಾ ಪೂರ್ತಿ ತೆರೆದೇ ನುಡಿಸುವವರಿಗೆ ಈ ವ್ಯತ್ಯಾಸ ಬಹುಶಃ ಕೇಳಿಸುವುದೇ ಇಲ್ಲ.

ಗುಂಯ್ ಶಬ್ದದ ಮೂಲ

ಸುರುಳಿಗೆ ತಂತಿಯ ಕಂಪನ ಯಾವುದು, ಗೋಡೆಯೊಳಗಿನ ವಿದ್ಯುತ್ ಲೈನಿನ ಕಂಪನ ಯಾವುದು ಎಂಬ ಭೇದ ತಿಳಿಯದು. ಭಾರತದಲ್ಲಿ ಮನೆಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಆವರ್ತನದ್ದು. ಫೆಂಡರನ ಅಮೆರಿಕದಲ್ಲಿ 60. ಬೇಸ್‌ನ ದಪ್ಪ ತಂತಿಯ 41 ಹರ್ಟ್ಸ್ ಹಾಗೂ ಅದರ ಪಕ್ಕದ ತಂತಿಯ 55 ಹರ್ಟ್ಸ್ ನಡುವೆಯೇ ನಮ್ಮ 50 ಬಂದು ಕೂರುತ್ತದೆ. ಸಾಮಾನ್ಯ ಗಿಟಾರಿನಲ್ಲಿ ಈ ಗುಂಯ್ ಸಂಗೀತದಿಂದ ಹೊರಗೆ, ಅದರ ಕೆಳಗೆ ನಿಲ್ಲುತ್ತದೆ. ಬೇಸ್‌ನಲ್ಲಿ ಅದು ಸ್ವರಗಳ ಸಾಲಿಗೇ ನುಗ್ಗುತ್ತದೆ. ಗುಂಡಿ ತಿರುಗಿಸಿ ಅದನ್ನು ಕಳೆಯಹೊರಟರೆ ಸ್ವರವೂ ಕಳೆದುಹೋಗುತ್ತದೆ.

ಪರಿಹಾರ ಸುರುಳಿಯಲ್ಲೇ ಇದೆ. ಎರಡು ಸುರುಳಿಗಳನ್ನು ವಿರುದ್ಧ ದಿಕ್ಕಿಗೆ ಸುತ್ತಿ, ಅಯಸ್ಕಾಂತಗಳನ್ನೂ ತಿರುವುಮುರುವಾಗಿ ಇಟ್ಟು ಜೋಡಿಸಿದರೆ ಹೊರಗಿನ ಗುಂಯ್ ಒಂದನ್ನೊಂದು ಅಳಿಸಿಹಾಕುತ್ತದೆ, ತಂತಿಯ ಸ್ವರ ಮಾತ್ರ ಉಳಿಯುತ್ತದೆ. ಗಿಬ್ಸನ್ ಕಂಪನಿಯ ಸೇತ್ ಲವರ್ 1955ರಲ್ಲಿ ರೂಪಿಸಿದ ‘ಹಂಬಕರ್’ ಪಿಕಪ್ಪಿನ ಗುಟ್ಟು ಇದು. ಪ್ರಿಸಿಷನ್‌ನ ಒಡೆದ ಪಿಕಪ್ಪಿನಲ್ಲೂ ಇದೇ ತತ್ವವಿದೆ. ಜಾಝ್ ಬೇಸ್‌ನಲ್ಲಿ ಎರಡೂ ಪಿಕಪ್‌ಗಳನ್ನು ಸಮನಾಗಿ ತೆರೆದಾಗ ಗುಂಯ್ ಅಡಗುತ್ತದೆ. ಒಂದನ್ನು ಇಳಿಸಿದೊಡನೆ ಮತ್ತೆ ತಲೆಯೆತ್ತುತ್ತದೆ. ಒಂದೇ ಪಿಕಪ್ಪಿನಲ್ಲಿ ನುಡಿಸುವ ಅಭ್ಯಾಸದವರು, ಡಿಮ್ಮರ್ ದೀಪಗಳ ವೇದಿಕೆಯಲ್ಲಿ ಹೆಚ್ಚಾಗಿ ನುಡಿಸುವವರು ಒಂದೇ ಚೌಕಟ್ಟಿನೊಳಗೆ ಎರಡು ಸುರುಳಿ ಅಡಗಿಸಿದ ಬದಲಿ ಪಿಕಪ್‌ಗಳನ್ನು ಹಾಕಿಸಿಕೊಳ್ಳುತ್ತಾರೆ. ದನಿಯಲ್ಲಿ ತುಸು ವ್ಯತ್ಯಾಸವಾಗುವುದುಂಟು. ಮೌನ ಬೇಕೆಂದವರು ಅದನ್ನು ಒಪ್ಪಿಕೊಳ್ಳಬೇಕು. ಜಾಝ್ ಪಿಕಪ್ ಕೊಳ್ಳುವವರು ಅಳತೆಯನ್ನೂ ನೋಡಬೇಕು. ಅನೇಕ ವಾದ್ಯಗಳಲ್ಲಿ ಕುದುರೆಯ ಕಡೆಯ ಪಿಕಪ್ ದಂಡಿಯ ಕಡೆಯದಕ್ಕಿಂತ ಎರಡು ಮೂರು ಮಿಲಿಮೀಟರ್ ಉದ್ದ ಇರುತ್ತದೆ.

ಗುಳಿಯ ಒಳಮೈಗೆ ತಾಮ್ರದ ಹಾಳೆ ಅಂಟಿಸಿ, ಅದನ್ನು ನೆಲದ ತಂತಿಗೆ ಸೇರಿಸುವುದೂ ರೂಢಿಯಲ್ಲಿದೆ. ಟ್ಯೂಬ್‌ಲೈಟ್, ಡಿಮ್ಮರ್‌ಗಳ ಚಿರಿಚಿರಿ ಸದ್ದನ್ನು ಇದು ಚೆನ್ನಾಗಿ ತಡೆಯುತ್ತದೆ. ಆದರೆ ಟ್ರಾನ್ಸ್‌ಫಾರ್ಮರ್ ಪಕ್ಕದಲ್ಲಿ ಹುಟ್ಟುವ ಕಾಂತೀಯ ಗುಂಯ್ ತೆಳು ತಾಮ್ರಕ್ಕೆ ಬಗ್ಗದು. ಅದಕ್ಕೆ ಜೋಡಿ ಸುರುಳಿಯೇ ಮದ್ದು.

ಬ್ಯಾಟರಿ ಬಂದ ಮೇಲೆ

ಕಳೆಯುವುದಷ್ಟೇ ಸಾಲದು, ಕೂಡಿಸಲೂ ಬೇಕು ಎಂಬ ಆಸೆ 1960ರ ದಶಕದ ಕೊನೆಗೆ ಸ್ಯಾನ್‌ಫ್ರಾನ್ಸಿಸ್ಕೊ ಸುತ್ತಮುತ್ತಲ ತಂಡಗಳಲ್ಲಿ ಮೊಳೆಯಿತು. 1969ರಲ್ಲಿ ಶುರುವಾದ ಅಲೆಂಬಿಕ್ ಸಂಸ್ಥೆ ಗಿಟಾರಿನ ಒಡಲೊಳಗೇ ಪುಟ್ಟ ವರ್ಧಕವನ್ನು ಕೂರಿಸತೊಡಗಿತು. ಕೈಕೆಲಸದ ಆ ದುಬಾರಿ ವಾದ್ಯಗಳಿಂದ ಸಾಮಾನ್ಯ ವಾದಕನ ಕೈಗೆ ಈ ವಿದ್ಯೆ ಇಳಿದದ್ದು 1976ರಲ್ಲಿ, ಮ್ಯೂಸಿಕ್ ಮ್ಯಾನ್ ಕಂಪನಿಯ ‘ಸ್ಟಿಂಗ್‌ರೇ’ ಬೇಸ್ ಬಂದಾಗ. ಅದರ ಹಿಂದೆಯೂ ಇದ್ದವರಲ್ಲಿ ಲಿಯೊ ಫೆಂಡರ್ ಒಬ್ಬರು. ತಮ್ಮ ಮೊದಲ ಕಂಪನಿಯನ್ನು 1965ರಲ್ಲೇ ಸಿಬಿಎಸ್‌ಗೆ ಮಾರಿದ್ದ ಅವರು ಹೊಸ ಜೊತೆಗಾರರೊಡನೆ ಮತ್ತೆ ಕಣಕ್ಕಿಳಿದಿದ್ದರು. 9 ವೋಲ್ಟ್ ಬ್ಯಾಟರಿಯಿಂದ ನಡೆಯುವ ಸ್ಟಿಂಗ್‌ರೇ ಪ್ರಿಆಂಪ್ ಮಂದ್ರವನ್ನೂ ತಾರವನ್ನೂ ಎತ್ತಿ ಕೊಡಬಲ್ಲದಾಗಿತ್ತು. ಷಿಕ್ ತಂಡದ ಬರ್ನಾರ್ಡ್ ಎಡ್ವರ್ಡ್ಸ್ ಕೈಯಲ್ಲಿ ಡಿಸ್ಕೊ ಯುಗದ ಬೇಸ್ ದನಿಯಾಗಿ ಮೆರೆದದ್ದು ಇದೇ ವಾದ್ಯ.

‘ಆ್ಯಕ್ಟಿವ್’ ಎನ್ನಲಾಗುವ ಈ ಮಂಡಲದ ಇನ್ನೊಂದು ಲಾಭ ಅಷ್ಟಾಗಿ ಗಮನಕ್ಕೆ ಬರುವುದಿಲ್ಲ. ಪಿಕಪ್ಪಿಗೂ ಕೇಬಲ್ಲಿಗೂ ನಡುವೆ ಅದು ತಡೆಗೋಡೆಯಂತೆ ನಿಲ್ಲುತ್ತದೆ. ಕೇಬಲ್ ಆರು ಮೀಟರ್ ಇರಲಿ, ಹತ್ತು ಮೀಟರ್ ಇರಲಿ, ಅದರ ಧಾರಣೆ ಆಗ ಪಿಕಪ್ಪಿನ ಹೊಳಪನ್ನು ಕದಿಯಲಾರದು. ನಷ್ಟವೂ ಇದೆ. ಎತ್ತಿ ಕೊಡುವ ಗುಂಡಿ ಸ್ವರದ ಜತೆ ಹಿಸ್ಸೆನ್ನುವ ಸದ್ದನ್ನೂ ಎತ್ತಿ ಕೊಡುತ್ತದೆ. ಬ್ಯಾಟರಿ ಸೊರಗಿದಾಗ ದನಿ ಒಡೆಯುತ್ತದೆ, ಅದೂ ಬಹುಮಟ್ಟಿಗೆ ಕಾರ್ಯಕ್ರಮದ ನಡುವೆಯೇ. ಬ್ಯಾಟರಿಯಿಂದ ತಪ್ಪಿಸಿಕೊಂಡು ನೇರ ದಾರಿ ಹಿಡಿಯುವ ಸ್ವಿಚ್ ಇರುವ ಪ್ರಿಆಂಪನ್ನು ಅನುಭವಿಗಳು ಆರಿಸುವುದು ಇದಕ್ಕಾಗಿ.

ಬ್ಯಾಟರಿಯ ಸ್ವಿಚ್ ಇರುವುದು ಹೆಚ್ಚಾಗಿ ಜ್ಯಾಕ್‌ನಲ್ಲೇ. ಇಂಥ ವಾದ್ಯಕ್ಕೆ ಸ್ಟೀರಿಯೊ ಜ್ಯಾಕ್ ಹಾಕಿ ಅದರ ನಡುವಿನ ಸಂಪರ್ಕಕ್ಕೆ ಬ್ಯಾಟರಿಯ ಋಣ ತಂತಿಯನ್ನು ಬೆಸೆಯುತ್ತಾರೆ. ಸಾಧಾರಣ ಪ್ಲಗ್ ಒಳಗೆ ಹೋದಾಗ ಮಂಡಲ ಪೂರ್ಣವಾಗಿ ಪ್ರಿಆಂಪ್ ಎಚ್ಚರಗೊಳ್ಳುತ್ತದೆ. 500 ಮಿಲಿಆಂಪ್-ಗಂಟೆಯ ಬ್ಯಾಟರಿಯಿಂದ 1 ಮಿಲಿಆಂಪ್ ಎಳೆಯುವ ಪ್ರಿಆಂಪ್ ಲೆಕ್ಕಪ್ರಕಾರ 500 ಗಂಟೆ ನಡೆಯಬೇಕು. ನುಡಿಸಿದ ಮೇಲೆ ಪ್ಲಗ್ ಕೀಳಲು ಮರೆತರೆ, ಯಾರೂ ಮುಟ್ಟದಿದ್ದರೂ ಮೂರು ವಾರದಲ್ಲಿ ಅದು ಬರಿದು.

ಬದಲಾವಣೆಯ ಹುಮ್ಮಸ್ಸಿನಲ್ಲಿ ಆಗುವ ದೊಡ್ಡ ತಪ್ಪು ಇಲ್ಲೇ. ಇಎಂಜಿಯಂಥ ಆ್ಯಕ್ಟಿವ್ ಪಿಕಪ್‌ಗಳ ಜತೆ 25 ಕಿಲೋ ಓಮ್‌ನ ಪಾಟ್‌ಗಳು ಬರುತ್ತವೆ. ಅವು ಆ ಪಿಕಪ್‌ಗೇ ಮೀಸಲು. ಅದೇ ಪಾಟನ್ನು ಸಾಮಾನ್ಯ ಪಿಕಪ್ಪಿಗೆ ನೇರ ಜೋಡಿಸಿದರೆ ಹತ್ತು ಪಟ್ಟು ಭಾರ ಬಿದ್ದು ದನಿಗೆ ಕಂಬಳಿ ಹೊದಿಸಿದಂತಾಗುತ್ತದೆ. ಎರಡು ಭಾಗಗಳೂ ಉತ್ತಮವೇ. ಅವುಗಳ ಜೋಡಿ ಕೆಟ್ಟದ್ದು.

ಬೆಸುಗೆಯ ಮೇಜಿನ ಮೇಲೆ

ಬಿಚ್ಚುವ ಮೊದಲು ಹಳೆಯ ಜೋಡಣೆಯ ಚಿತ್ರ ಬರೆದಿಡುವುದು, ಈಗಿನ ದಿನಗಳಲ್ಲಿ ಮೊಬೈಲಿನಲ್ಲಿ ನಾಲ್ಕಾರು ಕೋನದ ಫೋಟೊ ತೆಗೆದಿಡುವುದು, ಮೊದಲ ಪಾಠ. ಜಾಝ್ ಬೇಸ್‌ನಲ್ಲಿ ಪಿಕಪ್ಪಿನ ತಂತಿ ಪಾಟ್‌ನ ನಡುವಿನ ಕಾಲಿಗೆ ಬರುತ್ತದೆ. ಇದನ್ನು ಪಕ್ಕದ ಕಾಲಿಗೆ ಬದಲಿಸಿದರೆ ಒಂದು ಪಿಕಪ್ಪಿನ ದನಿ ಇಳಿಸಿದಾಗ ಇನ್ನೊಂದೂ ಸತ್ತುಹೋಗುತ್ತದೆ. ಹೊಸ ಪಿಕಪ್ ಹಾಕಿದ ಮೇಲೆ ಎರಡನ್ನೂ ತೆರೆದಾಗ ದನಿ ತೆಳುವಾಗಿ, ಮಂದ್ರವೇ ಮಾಯವಾದರೆ ಅವು ಒಂದಕ್ಕೊಂದು ಎದುರಾಡುತ್ತಿವೆ ಎಂದರ್ಥ. ಒಂದರ ಎರಡು ತಂತಿಗಳನ್ನು ಅದಲು ಬದಲು ಮಾಡಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಎರಡು ಪಿಕಪ್‌ಗಳನ್ನು ಸಮಾಂತರದ ಬದಲು ಸರಣಿಯಲ್ಲಿ ಜೋಡಿಸುವ ಸ್ವಿಚ್ಚನ್ನೂ ಕೆಲವರು ಹಾಕಿಸುತ್ತಾರೆ. ದನಿ ಜೋರಾಗಿ, ನಡುವಿನ ಸ್ಥಾಯಿ ದಟ್ಟವಾಗುತ್ತದೆ. ಸ್ವಿಚ್ಚಿನ ಬೆಲೆಯಲ್ಲಿ ವಾದ್ಯಕ್ಕೆ ಎರಡನೆಯ ದನಿ ಸಿಕ್ಕಂತೆ.

ಬೆಸುಗೆಗೆ 25ರಿಂದ 40 ವಾಟ್‌ನ ಐರನ್, ರಾಳ ತುಂಬಿದ ಸಾಲ್ಡರ್ ಸಾಕು. ಕೊಳಾಯಿ ಕೆಲಸದ ಆಮ್ಲವನ್ನು ಹತ್ತಿರ ತರಬಾರದು. ಅದು ಕಾಲಕ್ರಮೇಣ ತಂತಿಯನ್ನೇ ತಿನ್ನುತ್ತದೆ. ಬೆಸುಗೆ ಆರುವವರೆಗೆ ತಂತಿ ಅಲುಗಬಾರದು. ಅಲುಗಿದರೆ ಹೊರಗೆ ಹಿಡಿದಂತೆ ಕಂಡರೂ ಒಳಗೆ ಸಂಪರ್ಕ ಸಡಿಲವಾಗಿರುತ್ತದೆ.

ಜೀವದ ಪ್ರಶ್ನೆ

ಗುಳಿಯಿಂದ ಕುದುರೆಗೆ ಹೋಗುವ ಒಂದು ಒಂಟಿ ತಂತಿಯಿದೆ. ತಂತಿ ಮುಟ್ಟಿದೊಡನೆ ಗುಂಯ್ ಕಡಿಮೆಯಾಗುವುದು ಅದರಿಂದಲೇ. ಕುದುರೆ, ಅದರ ಮೂಲಕ ವಾದ್ಯದ ತಂತಿಗಳು, ಅವುಗಳ ಮೂಲಕ ವಾದಕನ ಕೈ ಧ್ವನಿವರ್ಧಕದ ಲೋಹದ ಪೆಟ್ಟಿಗೆಗೆ ಸೇರಿರುತ್ತವೆ. ಆ ಪೆಟ್ಟಿಗೆಯ ಅರ್ಥಿಂಗ್ ಸರಿಯಿದ್ದರೆ ಇದು ನಿರಪಾಯ. ಇಲ್ಲದಿದ್ದರೆ, ಅಥವಾ ಎದುರಿನ ಮೈಕ್ರೊಫೋನಿನಲ್ಲಿ ವಿದ್ಯುತ್ತು ಸೋರುತ್ತಿದ್ದರೆ, ವಾದಕನ ದೇಹವೇ ಸೇತುವೆಯಾಗುತ್ತದೆ. 1972ರ ಮೇ 3ರಂದು ವೇಲ್ಸ್‌ನ ಸ್ವಾನ್ಸಿಯಲ್ಲಿ ‘ಸ್ಟೋನ್ ದ ಕ್ರೋಸ್’ ತಂಡದ ಗಿಟಾರ್ ವಾದಕ ಲೆಸ್ ಹಾರ್ವೆ ಅರ್ಥಿಂಗ್ ಸರಿಯಿಲ್ಲದ ಮೈಕ್ರೊಫೋನ್ ಮುಟ್ಟಿ ವೇದಿಕೆಯ ಮೇಲೇ ಸತ್ತರು. ಆಗ ಅವರ ವಯಸ್ಸು 27.

ಗುಂಯ್ ನಿಲ್ಲಲೆಂದು ಮೂರು ಪಿನ್ನಿನ ಪ್ಲಗ್ಗಿನ ದಪ್ಪ ಪಿನ್ನನ್ನು ತಪ್ಪಿಸುವ, ಎರಡೇ ತಂತಿ ಸಿಕ್ಕಿಸಿ ಕೆಲಸ ನಡೆಸುವ ಅಭ್ಯಾಸವನ್ನು ಯಾವ ಕಾರಣಕ್ಕೂ ಮಾಡಬಾರದು. ಗುಳಿಯೊಳಗೆ ಎಷ್ಟೇ ಉತ್ತಮ ಭಾಗಗಳನ್ನು ಹಾಕಿಸಿದರೂ ಗೋಡೆಯ ಸಾಕೆಟ್ ಸರಿಯಿಲ್ಲದಿದ್ದರೆ ಎಲ್ಲ ವ್ಯರ್ಥ. ಹೊಸ ಜೋಡಣೆ ಮುಗಿದ ಮೇಲೆ ಕುದುರೆಯಿಂದ ಜ್ಯಾಕ್‌ನ ನೆಲದ ಕಾಲಿಗೆ ಸಂಪರ್ಕವಿದೆಯೇ ಎಂದು ಮೀಟರಿನಿಂದ ನೋಡಬೇಕು. ಕೆಲವು ಆ್ಯಕ್ಟಿವ್ ಪಿಕಪ್‌ಗಳಿಗೆ ಈ ತಂತಿ ಬೇಡವೆಂದು ತಯಾರಕರೇ ಹೇಳುತ್ತಾರೆ. ಅಂಥಲ್ಲಿ ಅವರ ಸೂಚನಾಪತ್ರವನ್ನೇ ಪಾಲಿಸಬೇಕು.

ಹಳೆಯದಕ್ಕೂ ಒಂದು ಮಾತು

ಹಳೆಯ ಅಮೆರಿಕನ್ ಗಿಟಾರುಗಳ ಪಾಟ್‌ನ ಬೆನ್ನ ಮೇಲೆ ಅಂಕಿಗಳ ಸಾಲೊಂದಿರುತ್ತದೆ. ಉದಾಹರಣೆಗೆ 1376512 ಎಂದಿದ್ದರೆ 137 ಎಂಬುದು ಸಿಟಿಎಸ್ ಕಾರ್ಖಾನೆಯ ಗುರುತು, 65 ಎಂದರೆ 1965, 12 ಎಂದರೆ ಆ ವರ್ಷದ ಹನ್ನೆರಡನೆಯ ವಾರ. ವಾದ್ಯದ ಕಾಲ ನಿರ್ಣಯಿಸುವವರಿಗೆ ಇದು ಶಾಸನದಂತೆ. ಕರಕರ ಸದ್ದಿಗೆ ಬೇಸತ್ತು ಅದನ್ನು ಕಿತ್ತೆಸೆದರೆ ಒಂದು ದಾಖಲೆಯೇ ಹೋದಂತೆ. ವಾದ್ಯದ ಬೆಲೆಯೂ ಇಳಿಯುತ್ತದೆ. ತೆಗೆದ ಭಾಗಗಳನ್ನೆಲ್ಲ ಒಂದು ಲಕೋಟೆಯಲ್ಲಿ ಹಾಕಿ, ತಾರೀಖು ಬರೆದು, ಗಿಟಾರಿನ ಪೆಟ್ಟಿಗೆಯಲ್ಲೇ ಇಡುವುದು ಒಳ್ಳೆಯ ಪದ್ಧತಿ. ಹೊಸ ಭಾಗಕ್ಕಾಗಿ ಮರವನ್ನು ಕೊರೆಯುವುದನ್ನು ಕೊನೆಯ ಉಪಾಯವಾಗಿ ಇಟ್ಟುಕೊಳ್ಳಬೇಕು. ಬೆಸುಗೆ ಬಿಚ್ಚಬಹುದು, ಕೊರೆದ ಮರ ಮತ್ತೆ ಕೂಡದು.

ಡೆಟ್ರಾಯಿಟ್‌ನ ಮೋಟೌನ್ ಸಂಸ್ಥೆಯ ಧ್ವನಿಮುದ್ರಣಗಳಲ್ಲಿ ಬೇಸ್ ನುಡಿಸಿದ ಜೇಮ್ಸ್ ಜೇಮರ್‌ಸನ್ 1962ರ ಪ್ರಿಸಿಷನ್ ಬೇಸ್‌ನಲ್ಲೇ ಬಹುಪಾಲು ಕೆಲಸ ಮಾಡಿದರು. ಹಳೆಯ ತಂತಿಗಳನ್ನು ಬದಲಿಸಲೂ ಅವರು ಒಪ್ಪುತ್ತಿರಲಿಲ್ಲ. 1976ರ ತಮ್ಮ ಮೊದಲ ಧ್ವನಿಮುದ್ರಿಕೆಯಿಂದ ಬೇಸ್ ವಾದನದ ದಿಕ್ಕು ಬದಲಿಸಿದ ಜಾಕೊ ಪಾಸ್ಟೋರಿಯಸ್ ಕೈಯಲ್ಲಿದ್ದದ್ದು 1962ರ ಜಾಝ್ ಬೇಸ್. ಅದರ ಮೆಟ್ಟಿಲುಗಳನ್ನು ಕಿತ್ತುಹಾಕಿ ದಂಡಿಗೆ ದೋಣಿಗೆ ಬಳಿಯುವ ಎಪಾಕ್ಸಿ ಬಳಿಸಿದ್ದರು. ಕುದುರೆಯ ಬಳಿಯ ಪಿಕಪ್ಪಿನಿಂದ ಹಾಡಿನಂಥ ದನಿ ತೆಗೆಯುತ್ತಿದ್ದರು. ಇಬ್ಬರ ವಾದ್ಯಗಳೂ ಬ್ಯಾಟರಿಯಿಲ್ಲದ, ಬರೀ ಕಳೆಯಬಲ್ಲ ಮಂಡಲದವು. ಸ್ಟಿಂಗ್‌ರೇಯ ಬ್ಯಾಟರಿ ಇಲ್ಲದಿದ್ದರೆ ಡಿಸ್ಕೊ ಯುಗದ ಆ ಚುರುಕು ದನಿಯೂ ಹುಟ್ಟುತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ.

ಹಾಗಾಗಿ ಬಿಡಿಭಾಗದ ಅಂಗಡಿಗೆ ಹೋಗುವ ಮೊದಲು ವಾದಕ ಒಂದು ಚೀಟಿಯಲ್ಲಿ ಬರೆದುಕೊಳ್ಳಬೇಕಾದ್ದು ಕಂಪನಿಯ ಹೆಸರನ್ನಲ್ಲ, ತನ್ನ ವಾದ್ಯದಲ್ಲಿ ಈಗ ಕೇಳಿಸದಿರುವುದು ಏನು ಎಂಬುದನ್ನು. ಹೊಳಪೇ, ಮೌನವೇ, ಜೋರೇ, ಬರೀ ನಂಬಿಕೆಯಿಂದ ನಡೆಯುವ ಒಂದು ಜ್ಯಾಕೇ? ಉತ್ತರ ಸಿಕ್ಕ ಮೇಲೂ ಒಮ್ಮೆಗೆ ಒಂದೇ ಭಾಗ ಬದಲಿಸಿ, ಮನೆಯಲ್ಲಿ ಒಂಟಿಯಾಗಿ ಅಲ್ಲ, ತಂಡದ ನಡುವೆ ನುಡಿಸಿ ಕೇಳಬೇಕು. ಡ್ರಮ್ಮಿನ ಜತೆ, ಹಾಡುವವರ ಕೆಳಗೆ ಅದು ನೆಲದಂತೆ ಹಾಸಿಕೊಂಡರೆ ಮುಂದಿನ ಭಾಗ ಕೊಳ್ಳುವ ಅಗತ್ಯ ಬೀಳುವುದಿಲ್ಲ.